‘ಈಹೊತ್ತು ನಿನ್ನನ್ನು ಪಡೆದಿದ್ದೇನೆ’: ಆ ‘ಈಹೊತ್ತು’ ಯಾವುದು?

ವಾಕ್ಯಧ್ಯಾನಿ (ಪ್ರಶ್ನೆ):

ಯೇಸು ದೇವರ ಮಗ ಎನ್ನುವುದರಲ್ಲಿ ಕ್ರೈಸ್ತ ಪಂಗಡಗಳಿಗೆ ಜಗಳವಿಲ್ಲ. ಮಗನಾದದ್ದು ಯಾವಾಗ, ಹೇಗೆ ಎಂದು ಕೇಳಿದ ಕೂಡಲೇ ದಾರಿಗಳು ಕವಲೊಡೆಯುತ್ತವೆ. ನಾಲ್ಕನೇ ಶತಮಾನದ ನೈಸಿಯ ವಿಶ್ವಾಸಪ್ರಮಾಣವನ್ನು ಒಪ್ಪುವವರಿಗೆ ಅದು ಎಲ್ಲ ಯುಗಗಳಿಗೂ ಮೊದಲು. ತ್ರಿತ್ವವನ್ನು ಒಪ್ಪದ, ಯೇಸುವೇ ಆ ಒಬ್ಬ ದೇವರು ಎನ್ನುವ ಒನ್‌ನೆಸ್ ಪೆಂಟೆಕೋಸ್ಟಲರಿಗೆ ಮರಿಯಳ ಗರ್ಭದಲ್ಲಿ. ಯೆಹೋವನ ಸಾಕ್ಷಿಗಳಿಗೆ ದೇವರ ಮೊಟ್ಟಮೊದಲ ಸೃಷ್ಟಿಯೇ ಮಗ. ಎಲ್ಲರ ಕೈಯಲ್ಲೂ ವಚನಗಳಿವೆ.

ಕೀರ್ತನೆ 2:7ರ ‘ನೀನು ನನ್ನ ಮಗ, ಈಹೊತ್ತು ನಿನ್ನನ್ನು ಪಡೆದಿದ್ದೇನೆ’ ಎಂಬ ಮಾತನ್ನೇ ನೋಡಿ. ಅಪೊಸ್ತಲರ ಕೃತ್ಯಗಳು 13:33ರಲ್ಲಿ ಅದು ಪುನರುತ್ಥಾನದ ಪ್ರಸಂಗದಲ್ಲಿ ಬರುತ್ತದೆ. ಇಬ್ರಿಯ 1:5ರಲ್ಲಿ ಮಗ ದೇವದೂತರಿಗಿಂತ ಮೇಲು ಎಂದು ತೋರಿಸಲು, 5:5ರಲ್ಲಿ ಮಹಾಯಾಜಕನ ನೇಮಕಕ್ಕೆ. ಹಾಗಾದರೆ ಆ ‘ಈಹೊತ್ತು’ ಯಾವ ಹೊತ್ತು? ಮತ್ತೆ, ‘ಹುಟ್ಟಿದವನು’ ಎಂದ ಮೇಲೆ ಹುಟ್ಟುವ ಮೊದಲು ಇರಲಿಲ್ಲ ಎಂದೇ ಆಗುವುದಿಲ್ಲವೇ? ಬೈಬಲ್ ಅಧ್ಯಯನದ ಗುಂಪಿಗೆ ಇದನ್ನು ಕಲಿಸಲು ಒಂದು ಕ್ರಮ ಬೇಕು, ಎಲ್ಲಿ ಎಡವುತ್ತಾರೆ ಎಂಬುದೂ ಬೇಕು. ‘ಇದು ಮರ್ಮ, ಸುಮ್ಮನೆ ನಂಬಿ’ ಎಂಬ ಉತ್ತರ ದಯವಿಟ್ಟು ಬೇಡ.

ಮೂಲಪಾಠ:

ಮೊದಲ ಪ್ರಶ್ನೆಗೆ ಉತ್ತರ ಆ ಕೀರ್ತನೆಯೊಳಗೇ ಇದೆ. ಅದು ಅರಸನ ಪಟ್ಟದ ಹಾಡು. 6ನೇ ವಚನದಲ್ಲಿ ಚೀಯೋನಿನಲ್ಲಿ ಅರಸನ ನೇಮಕ, 7ರಲ್ಲಿ ‘ನೀನು ನನ್ನ ಮಗ’ ಎಂಬ ಘೋಷಣೆ. ಬೇರು 2 ಸಮುವೇಲ 7:14ರಲ್ಲಿದೆ: ದಾವೀದನ ಸಂತತಿಯವನಿಗೆ ದೇವರು ತಂದೆ, ಅವನು ದೇವರಿಗೆ ಮಗ. ಹಾಗಾಗಿ ಮೂಲದಲ್ಲಿ ‘ಈಹೊತ್ತು’ ಎಂದರೆ ಸಿಂಹಾಸನವೇರಿದ ದಿನ. ಅಪೊಸ್ತಲರು ಅದನ್ನು ಪುನರುತ್ಥಾನಕ್ಕೆ ಹೊಂದಿಸಿದ್ದು ಇದರಿಂದಲೇ. ಅವರ ಕಣ್ಣಿಗೆ ಸತ್ತವರೊಳಗಿಂದ ಎದ್ದುಬಂದದ್ದೇ ಮೆಸ್ಸೀಯನ ಪಟ್ಟಾಭಿಷೇಕ.

ಕಲಿಸುವಾಗ ಹೀಗೆ ಮಾಡಿ. ಹಲಗೆಯ ಮೇಲೆ ನಾಲ್ಕು ಅಂಕಣ ಎಳೆಯಿರಿ: ಯುಗಗಳಿಗೆ ಮೊದಲು, ಗರ್ಭಧಾರಣೆ, ದೀಕ್ಷಾಸ್ನಾನ, ಪುನರುತ್ಥಾನ. ‘ಮಗ’ ಎಂಬ ಮಾತು ಬರುವ ಪ್ರತಿ ವಚನವನ್ನೂ ಅದರ ಸಂದರ್ಭ ಹೇಳುವ ಅಂಕಣಕ್ಕೆ ಮಾತ್ರ ಹಾಕಿಸಿ. ಲೂಕ 1:35 ಎರಡನೆಯದಕ್ಕೆ. ಮಾರ್ಕ 1:11 ಮೂರನೆಯದಕ್ಕೆ. ಅ.ಕೃ. 13:33 ಮತ್ತು ರೋಮಾಪುರ 1:4 ನಾಲ್ಕನೆಯದಕ್ಕೆ. ಗಲಾತ್ಯ 4:4, ಯೋಹಾನ 17:5, ಇಬ್ರಿಯ 1:2 ಮೊದಲನೆಯದಕ್ಕೆ. ಅರ್ಧ ಗಂಟೆಯಲ್ಲಿ ಎಲ್ಲರಿಗೂ ಒಂದು ಸಂಗತಿ ಕಾಣುತ್ತದೆ: ನಾಲ್ಕು ಅಂಕಣಗಳಲ್ಲಿ ಯಾವುದೂ ಖಾಲಿ ಉಳಿಯುವುದಿಲ್ಲ. ಯಾವ ಅಂಕಣ ಉಳಿದವುಗಳನ್ನು ಹೊತ್ತು ನಿಂತಿದೆ ಎಂಬುದರಲ್ಲಿ ಪಂಗಡಗಳ ಜಗಳವಿದೆ.

ಸಾಮಾನ್ಯವಾಗಿ ಕೆಡುವುದು ರೋಮಾಪುರ 1:4ರಲ್ಲಿ. ಅಲ್ಲಿನ ಗ್ರೀಕ್ ಕ್ರಿಯಾಪದ ‘ಹೊರಿಜೋ’, ಅಂದರೆ ಗೊತ್ತುಪಡಿಸು, ನೇಮಿಸು. ‘ತೋರಿಬಂದನು’ ಎಂದಷ್ಟೇ ಅನುವಾದಿಸಿದರೆ ಅದರ ಬಲ ಇಳಿದುಹೋಗುತ್ತದೆ. ‘ಪುನರುತ್ಥಾನದಲ್ಲಿ ಮಗನಾದನು’ ಎಂದು ಓದಿದರೆ 3ನೇ ವಚನ ಬಿಟ್ಟುಹೋಗುತ್ತದೆ. ದಾವೀದನ ವಂಶದಲ್ಲಿ ಹುಟ್ಟಿದಾಗಲೇ ಅವನನ್ನು ‘ದೇವರ ಮಗ’ ಎಂದು ಪೌಲ ಕರೆದಾಗಿದೆ. ‘ಶಕ್ತಿಯಲ್ಲಿ’ ಎಂಬ ಪದವನ್ನು ‘ದೇವಕುಮಾರ’ನ ಜೊತೆ ಸೇರಿಸಿ ಓದಿ: ಬಲಹೀನತೆಯಲ್ಲಿದ್ದ ಮಗ ಬಲದ ಸ್ಥಾನಕ್ಕೆ ಏರಿದ.

ಮೂರನೆಯ ಅಂಕಣದಲ್ಲಿ ಪಾಠಭೇದವೊಂದಿದೆ, ಅದನ್ನು ಗುಂಪಿನಿಂದ ಮುಚ್ಚಿಡಬೇಡಿ. ಲೂಕ 3:22ರಲ್ಲಿ, ‘ನಿನ್ನನ್ನು ಮೆಚ್ಚಿದ್ದೇನೆ’ ಎಂಬಲ್ಲಿ ಬೇಜಾ ಹಸ್ತಪ್ರತಿ ‘ಈಹೊತ್ತು ನಿನ್ನನ್ನು ಪಡೆದಿದ್ದೇನೆ’ ಎಂದು ಓದುತ್ತದೆ. ಎರಡನೇ ಶತಮಾನದ ಜಸ್ಟಿನನೂ ದೀಕ್ಷಾಸ್ನಾನದ ಪ್ರಸಂಗದಲ್ಲಿ ಇದೇ ಮಾತನ್ನು ಬಳಸುತ್ತಾನೆ, ಆದರೂ ಅವನು ದತ್ತುವಾದಿಯಲ್ಲ. ಯೊರ್ದನಿನಲ್ಲೇ ಯೇಸು ಮಗನಾದ ಎನ್ನುವ ದತ್ತುವಾದಿಗಳಿಗೆ ಈ ಪಾಠ ಒದಗಿಬರುತ್ತದೆ ನಿಜ, ಆದರೆ ಅದೊಂದೇ ಅವರ ವಾದವನ್ನು ಗೆಲ್ಲಿಸುವುದಿಲ್ಲ.

ಅಗಸ್ಟಿನನಂಥವನೇ ಕೀರ್ತನೆಯ ‘ಈಹೊತ್ತು’ ಎಂದರೆ ನಿತ್ಯತೆಯ ಮುಗಿಯದ ವರ್ತಮಾನ ಎಂದು ವ್ಯಾಖ್ಯಾನಿಸಿದ್ದಾನೆ. ಸುಂದರವಾದ ಮಾತು, ಆದರೆ ಸಾಕ್ಷ್ಯವಾಗಿ ನಿಲ್ಲುವುದಿಲ್ಲ. ಮಗನ ನಿತ್ಯಜನನವನ್ನು, ಅಂದರೆ ಅವನು ಆರಂಭವಿಲ್ಲದೆ ತಂದೆಯಿಂದ ಹುಟ್ಟಿದವನು ಎಂಬುದನ್ನು, ಎತ್ತಿಹಿಡಿಯುವವರು ಈ ವಚನದ ಮೇಲೆ ಭಾರ ಹಾಕಬಾರದು. ಅವರ ನಿಜವಾದ ಆಧಾರ ಯೋಹಾನ 5:26: ತಂದೆಯಲ್ಲಿ ತಾನಾಗಿ ಜೀವವಿರುವ ಹಾಗೆ ಮಗನೂ ತನ್ನಲ್ಲಿ ಜೀವವುಳ್ಳವನಾಗುವಂತೆ ‘ಕೊಟ್ಟಿದ್ದಾನೆ’. ಯಾರಿಂದಲೂ ಪಡೆಯದ ಜೀವ, ಆದರೆ ಪಡೆದ ಜೀವ. ಈ ಎರಡು ತುದಿಗಳನ್ನು ಒಟ್ಟಿಗೆ ಹಿಡಿಯಲು ಹೊರಟದ್ದರಿಂದಲೇ ನಿತ್ಯಜನನದ ಉಪದೇಶ ಮೂಡಿತು.

ಅಲ್ಪಾಕ್ಷರ:

ಎರಡನೇ ಪ್ರಶ್ನೆ, ಅಂದರೆ ‘ಹುಟ್ಟಿದವನಾದರೆ ಆರಂಭವಿರಬೇಕಲ್ಲ’ ಎಂಬುದು, ನಾಲ್ಕನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಸಭಾಹಿರಿಯ ಏರಿಯಸ್ ಕೇಳಿದ ಪ್ರಶ್ನೆಯೇ. ಅವನು ಯೇಸುವನ್ನು ಬರೀ ಮನುಷ್ಯ ಎನ್ನಲಿಲ್ಲ. ಲೋಕಕ್ಕೆ ಮುಂಚೆ ಇದ್ದವನು, ಲೋಕ ಉಂಟಾದದ್ದೇ ಅವನ ಮೂಲಕ ಎಂದು ಒಪ್ಪುತ್ತಿದ್ದ. ‘ಅವನಿಲ್ಲದ ಒಂದು ಹೊತ್ತಿತ್ತು’ ಎಂಬುದೊಂದೇ ಅವನ ಹಟ. ಈ ವ್ಯತ್ಯಾಸ ಹೇಳದೆ ಏರಿಯಸನನ್ನೂ, ತಂದೆಯೊಬ್ಬನೇ ದೇವರು, ಯೇಸು ಮನುಷ್ಯ ಎನ್ನುವ ಯೂನಿಟೇರಿಯನರನ್ನೂ ಒಂದೇ ಗೂಟಕ್ಕೆ ಕಟ್ಟುವುದು ತರಗತಿಗಳಲ್ಲಿ ಆಗುವ ದೊಡ್ಡ ತಪ್ಪು.

ಗ್ರೀಕಿನಲ್ಲಿ ಒಂದೇ ಅಕ್ಷರದ ಅಂತರದ ಎರಡು ಪದಗಳಿವೆ. ಒತ್ತಕ್ಷರವಿರುವ ‘ಗೆನ್ನೇತೊಸ್’ ಎಂದರೆ ಹುಟ್ಟಿದವನು. ಒಂದೇ ನಕಾರದ ‘ಗೆನೇತೊಸ್’ ಎಂದರೆ ಉಂಟಾದವನು, ಇಲ್ಲದ್ದರಿಂದ ಇರವಿಗೆ ಬಂದವನು. ಬಹುಕಾಲ ಬರಹಗಾರರು ಇವೆರಡನ್ನೂ ಕಲಸಿ ಬಳಸಿದರು. ದೇವರು ‘ಅಗೆನೇತೊಸ್’ (ಉಂಟಾಗದವನು), ಮಗ ಹುಟ್ಟಿದವನು, ಆದ್ದರಿಂದ ಮಗ ಆ ಅರ್ಥದಲ್ಲಿ ದೇವರಲ್ಲ ಎಂಬ ವಾದಕ್ಕೆ ಬಲ ಬಂದದ್ದು ಆ ಕಲಬೆರಕೆಯಿಂದ. 325ರಲ್ಲಿ ನೈಸಿಯ ಸಭೆ ‘ಹುಟ್ಟಿದವನು, ಉಂಟುಮಾಡಲ್ಪಟ್ಟವನಲ್ಲ’ ಎಂದು ಬರೆದು ಎರಡನ್ನೂ ಬೇರೆಬೇರೆ ಮಾಡಿತು. ಕುಂಬಾರ ಮಾಡಿದ ಮಡಕೆಗೆ ಕುಂಬಾರನ ಸ್ವಭಾವವಿಲ್ಲ. ಅವನಿಗೆ ಹುಟ್ಟಿದ ಮಗನಿಗಿದೆ. ಮಗ ಎಂಬ ಮಾತಿನಿಂದ ನೈಸಿಯದವರು ಉಳಿಸಿಕೊಂಡದ್ದು ಈ ಸ್ವಭಾವದ ಸಮಾನತೆಯನ್ನು. ಹಿಂದುಮುಂದಿನ ಕಾಲವನ್ನು, ತಾಯಿಯನ್ನು, ದೇಹವನ್ನು ಬಿಟ್ಟರು. ಇದನ್ನು ಬಾಯಿಬಿಟ್ಟು ಹೇಳಲೇಬೇಕು. ಹೇಳದಿದ್ದರೆ ಕೇಳುವವರ ಮನಸ್ಸಿನಲ್ಲಿ ಮನುಷ್ಯರ ಹೆರಿಗೆಯ ಚಿತ್ರವೇ ನಿಲ್ಲುತ್ತದೆ.

ಕಾಲದ ಪ್ರಶ್ನೆಗೆ ಏರಿಯಸನ ಎದುರಾಳಿ, ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸನ ಉತ್ತರ ನೇರವಾಗಿದೆ: ಮಗನಿಲ್ಲದ ಹೊತ್ತಿದ್ದರೆ ದೇವರು ತಂದೆಯಲ್ಲದ ಹೊತ್ತೂ ಇತ್ತು, ಅಂದರೆ ದೇವರು ಆಮೇಲೆ ಬದಲಾದ. ಬೆಳಕು ಇದ್ದೂ ಪ್ರಭೆ ಇಲ್ಲದಿರಲು ಸಾಧ್ಯವೇ? ಈ ಹೋಲಿಕೆ ಇಬ್ರಿಯ 1:3ರಿಂದ ಬಂದದ್ದು. ಮುಂದೆ, ಮಗ ತಂದೆಗೆ ಸಮಾನನಲ್ಲ ಎನ್ನುತ್ತಿದ್ದ ಯೂನೋಮಿಯಸ್ ‘ಹುಟ್ಟದಿರುವುದೇ ದೇವರ ಸಾರ’ ಎಂದಾಗ ನಜಿಯಾನ್ಜದ ಗ್ರೆಗರಿ, ‘ತಂದೆ’ ಎಂಬುದು ಸಾರದ ಹೆಸರೂ ಅಲ್ಲ, ಕೆಲಸದ ಹೆಸರೂ ಅಲ್ಲ, ಸಂಬಂಧದ ಹೆಸರು ಎಂದ. ನನ್ನ ದೃಷ್ಟಿಯಲ್ಲಿ ಇಡೀ ವಿವಾದದ ಬೀಗದಕೈ ಈ ವಾಕ್ಯ.

325ರಲ್ಲಿ ಎಲ್ಲ ತೀರ್ಮಾನವಾಯಿತು ಎಂದು ಮಾತ್ರ ಕಲಿಸಬೇಡಿ. ‘ಹೊಮೊಊಸಿಯೊಸ್’, ಅಂದರೆ ಒಂದೇ ಸಾರದವನು, ಎಂಬ ಪದ ಬೈಬಲಿನಲ್ಲಿಲ್ಲ, ಅದರ ಮೇಲೆ ಹಲವರಿಗೆ ಅನುಮಾನವಿತ್ತು. 357ರಲ್ಲಿ ಸಿರ್ಮಿಯಮ್ ಸಭೆ ‘ಸಾರ’ದ ಮಾತೇ ಬೇಡ ಎಂದಿತು. 359ರಲ್ಲಿ ಅರಿಮಿನಮ್ ಮತ್ತು ಸೆಲ್ಯೂಕಿಯಗಳಲ್ಲಿ ‘ತಂದೆಯಂತಿರುವವನು’ ಎಂಬ ಸಡಿಲ ಮಾತಿನತ್ತ ಚಕ್ರವರ್ತಿಯ ಒತ್ತಡ ತಳ್ಳಿತು. 381ರ ಕಾನ್‌ಸ್ಟಾಂಟಿನೋಪಲ್ ಸಭೆಯ ಹೊತ್ತಿಗೇ ನೈಸಿಯದ ಮಾತು ಗಟ್ಟಿಯಾದದ್ದು. ‘ಎಲ್ಲ ಯುಗಗಳಿಗೂ ಮೊದಲು’ ಎಂಬ ಮಾತು 325ರ ಪಾಠದಲ್ಲಿಲ್ಲ, 381ರದರಲ್ಲಿದೆ.

ಇನ್ನೊಂದು ತೊಡಕು ಪದಗಳದ್ದು. 325ರ ಪ್ರಮಾಣದ ಕೊನೆಯಲ್ಲಿ ಏರಿಯಸನ ಮಾತುಗಳನ್ನು ಖಂಡಿಸುವ ಶಾಪವಾಕ್ಯದಲ್ಲಿ ‘ಊಸಿಯ’ (ಸಾರ) ಮತ್ತು ‘ಹುಪೊಸ್ತಾಸಿಸ್’ (ಮುಂದೆ ‘ವ್ಯಕ್ತಿ’ ಎಂಬ ಅರ್ಥ ಪಡೆದ ಪದ) ಸಮಾನಾರ್ಥಕಗಳು. ಅರ್ಧ ಶತಮಾನದ ನಂತರ ಕಪ್ಪದೋಕ್ಯದವರು, ಅಂದರೆ ಗ್ರೆಗರಿ ಮತ್ತು ಅವನ ಸಂಗಡಿಗರು, ‘ಒಂದು ಊಸಿಯ, ಮೂರು ಹುಪೊಸ್ತಾಸಿಸ್’ ಎಂದರು. ಲ್ಯಾಟಿನರ ‘ಸಬ್‌ಸ್ಟಾನ್ಶಿಯ’ ಪದರಚನೆಯಲ್ಲಿ ಹುಪೊಸ್ತಾಸಿಸ್‌ಗೇ ಹತ್ತಿರ, ಹಾಗಾಗಿ ಅವರ ಕಿವಿಗೆ ಇದು ಮೂರು ದೇವರುಗಳಂತೆ ಕೇಳಿಸಿತು. ಅದಕ್ಕೂ ಮೊದಲೇ, 362ರಲ್ಲಿ, ಅಲೆಕ್ಸಾಂಡ್ರಿಯದಲ್ಲಿ ಅಥನೇಸಿಯಸ್ ಹುಪೊಸ್ತಾಸಿಸ್ ಒಂದು ಎನ್ನುವವರನ್ನೂ ಮೂರು ಎನ್ನುವವರನ್ನೂ ‘ನೀವು ಆ ಪದದಿಂದ ಏನು ಹೇಳುತ್ತೀರಿ’ ಎಂದು ಕೇಳಿ ರಾಜಿಗೆ ದಾರಿ ಮಾಡಿದ. ನಮಗೂ ಅದೇ ಕಷ್ಟ: ಕನ್ನಡದ ‘ವ್ಯಕ್ತಿ’ ಎಂದರೆ ಒಂದು ದೇಹ, ಒಂದು ಮನಸ್ಸು, ಒಂದು ವಿಳಾಸ. ‘ಮೂವರು ವ್ಯಕ್ತಿಗಳು’ ಎಂದ ಕೂಡಲೇ ಮೂವರು ಒಂದು ಮನೆಯಲ್ಲಿ ಕೂತ ಚಿತ್ರ. ಆ ಪದ ಬಳಸಿ, ಆದರೆ ಮೊದಲ ದಿನವೇ ಅದರ ಮಿತಿ ಹೇಳಿ. ನೀರು, ಮಂಜುಗಡ್ಡೆ, ಹಬೆಯ ಉಪಮೆಯನ್ನಂತೂ ಕೈಬಿಡಿ. ಅದು ಕಲಿಸುವುದು ಸಬೆಲ್ಲಿಯಸನ ರೂಪವಾದವನ್ನು, ಅಂದರೆ ಒಬ್ಬನೇ ದೇವರು ಮೂರು ರೂಪಗಳಲ್ಲಿ ಕಾಣಿಸಿಕೊಳ್ಳುತ್ತಾನೆ ಎಂಬುದನ್ನು.

ಏಕವಾದ:

ಎದುರು ಪಕ್ಷವನ್ನು ಅದರ ಪೂರ್ಣ ಬಲದಲ್ಲಿ ಇಡದಿದ್ದರೆ ಆ ಗುಂಪಿಗೆ ಅನ್ಯಾಯ. ನಾನು ಯೂನಿಟೇರಿಯನ್ ಓದನ್ನು ಒಪ್ಪುವವನು, ಆದ್ದರಿಂದ ಅದನ್ನು ಇಲ್ಲಿಡುತ್ತೇನೆ.

ಮೊದಲ ಅಂಕಣಕ್ಕೆ ಗಲಾತ್ಯ 4:4 ಹಾಕಿದ್ದೀರಿ. ‘ಕಳುಹಿಸಿದನು’ ಎಂದರೆ ಮೊದಲೇ ಇದ್ದನು ಎಂದಾಗಬೇಕಿಲ್ಲ. ಯೋಹಾನ 1:6ರಲ್ಲಿ ಸ್ನಾನಿಕ ಯೋಹಾನನೂ ದೇವರಿಂದ ಕಳುಹಿಸಲ್ಪಟ್ಟವನೇ. ಲೂಕ 1:35ರಲ್ಲಿ ‘ದಿಯೊ’ ಎಂಬ ಪದವಿದೆ, ‘ಆದಕಾರಣ’. ಪವಿತ್ರಾತ್ಮ ಬರುವುದರಿಂದ, ಆದಕಾರಣ ಹುಟ್ಟುವ ಶಿಶು ದೇವರ ಮಗನೆನಿಸುವನು. ದೇವದೂತ ಕಾರಣವನ್ನೇ ಕೊಟ್ಟಿರುವಾಗ ನಾವು ಬೇರೆ ಕಾರಣ ಏಕೆ ಹುಡುಕಬೇಕು? ಯೋಹಾನ 17:3ರಲ್ಲಿ ಯೇಸು ತಂದೆಯನ್ನು ‘ಒಬ್ಬನೇ ಸತ್ಯದೇವರು’ ಎಂದು ಕರೆದು ತನ್ನನ್ನು ಅವನು ಕಳುಹಿಸಿದವನೆಂದು ಬೇರೆಯಾಗಿ ಹೇಳುತ್ತಾನೆ. ‘ಪೋಲೆಂಡಿನ ಸಹೋದರರು’ ಎಂಬ ಯೂನಿಟೇರಿಯನ್ ಪಂಗಡದವರು 1605ರಲ್ಲಿ ರಾಕೋವಿನಲ್ಲಿ ಅಚ್ಚುಹಾಕಿದ ಪ್ರಶ್ನೋತ್ತರ ಈ ದಾರಿಯಲ್ಲೇ ನಡೆಯುತ್ತದೆ.

ನೈಸಿಯಕ್ಕೆ ಮೊದಲು ಎಲ್ಲರೂ ನೈಸಿಯದಂತೆಯೇ ನಂಬಿದ್ದರು ಎಂಬುದನ್ನೂ ಪಕ್ಕಕ್ಕಿಡಿ. ತ್ರಿತ್ವಕ್ಕೆ ಲ್ಯಾಟಿನಿನಲ್ಲಿ ಪದ ಕೊಟ್ಟ ತೆರ್ತುಲಿಯನನೇ ಹೆರ್ಮೊಜೆನನ ವಿರುದ್ಧ ಬರೆಯುವಾಗ, ಮಗನಿಲ್ಲದ ಹೊತ್ತೊಂದಿತ್ತು, ಆಗ ದೇವರು ತಂದೆಯಾಗಿರಲಿಲ್ಲ ಎನ್ನುತ್ತಾನೆ.

ನಮ್ಮ ಓದಿಗೆ ಕಷ್ಟ ಕೊಡುವ ವಚನ ಇಬ್ರಿಯ 1:10, ಅದನ್ನು ಬಚ್ಚಿಡುವುದಿಲ್ಲ. ಕೀರ್ತನೆ 102ರಲ್ಲಿ ಭೂಮಿಗೆ ಅಸ್ತಿವಾರ ಹಾಕಿದ ಕರ್ತನಿಗೆ ಹೇಳಿದ ಮಾತನ್ನು ಅಲ್ಲಿ ಮಗನಿಗೆ ಹೇಳಲಾಗಿದೆ. 2:5ರ ‘ಮುಂದಣ ಲೋಕ’ವೇ ಅಲ್ಲಿನ ವಿಷಯ, ಆದ್ದರಿಂದ ಅದು ಹೊಸ ಸೃಷ್ಟಿಯ ಮಾತು ಎಂಬುದು ನಮ್ಮಲ್ಲಿ ಹಲವರ ವಿವರಣೆ. ಕೊಲೊಸ್ಸೆ 1:16ಕ್ಕೂ ಹಾಗೆಯೇ. ಸಾಕೋ ಸಾಲದೋ ಎಂಬುದನ್ನು ನಿಮ್ಮ ಗುಂಪೇ ತೂಗಲಿ.

ವಾಕ್ಯಧ್ಯಾನಿ:

ಮೂವರಿಗೂ ಧನ್ಯವಾದ. ಉಳಿದದ್ದು ಮೂರು. ಜ್ಞಾನೋಕ್ತಿ 8:22ರಲ್ಲಿ ಜ್ಞಾನ ‘ಸೃಷ್ಟಿಸಲ್ಪಟ್ಟಿತು’ ಎಂದಿದೆಯೇ, ‘ಪಡೆದನು’ ಎಂದೇ? ಯೋಹಾನನ ಸುವಾರ್ತೆಯ ‘ಮೊನೊಗೆನೇಸ್’ ಎಂಬ ಗ್ರೀಕ್ ಪದಕ್ಕೆ ‘ಒಬ್ಬನೇ ಮಗ’ ಸರಿಯೋ ‘ಒಬ್ಬನೇ ಹುಟ್ಟಿದ ಮಗ’ ಸರಿಯೋ? ಒನ್‌ನೆಸ್‌ನವರಿಗೆ ಹೇಗೆ ಉತ್ತರಿಸುವುದು?

ಮೂಲಪಾಠ:

ಜ್ಞಾನೋಕ್ತಿ 8:22ರ ಹೀಬ್ರೂ ಕ್ರಿಯಾಪದ ‘ಕಾನಾ’. ಅದು ನಮ್ಮ ‘ಪಡೆ’ಯ ಹಾಗೆಯೇ: ಆಸ್ತಿಯನ್ನೂ ಪಡೆಯುತ್ತೇವೆ, ಮಕ್ಕಳನ್ನೂ ಪಡೆಯುತ್ತೇವೆ. ಆದಿಕಾಂಡ 4:1ರಲ್ಲಿ ಹವ್ವಳು ಕಾಯಿನನನ್ನು ಹೆತ್ತಾಗ ಬಳಸುವುದೂ ಇದನ್ನೇ. ಹಳೆಯ ಒಡಂಬಡಿಕೆಯ ಪ್ರಾಚೀನ ಗ್ರೀಕ್ ಅನುವಾದ ಸೆಪ್ಟುವಜಿಂಟ್ ಅದನ್ನು ‘ಎಕ್ತಿಸೆನ್’, ಸೃಷ್ಟಿಸಿದನು, ಎಂದು ಗ್ರೀಕಿಗೆ ತಂದಿತು. ಏರಿಯಸನ ಕಡೆಯವರ ಪ್ರಿಯ ವಚನ ಅದಾಯಿತು. ನಂತರದ ಅಕ್ವಿಲನ ಗ್ರೀಕ್ ಅನುವಾದದಲ್ಲಿ ‘ಎಕ್ತೇಸತೊ’, ಗಳಿಸಿದನು; ಜೆರೋಮನ ಲ್ಯಾಟಿನಿನಲ್ಲೂ ಅದೇ ಅರ್ಥ. ನಾಲ್ಕನೇ ಶತಮಾನದ ಎರಡೂ ಪಕ್ಷಗಳು ಈ ವಚನ ಕ್ರಿಸ್ತನ ಕುರಿತದ್ದೇ ಎಂದು ಒಪ್ಪಿಕೊಂಡು ಜಗಳವಾಡಿದವು. ಅದು ಕಾವ್ಯ, ಜ್ಞಾನವನ್ನು ಸ್ತ್ರೀಯಾಗಿ ಕಂಡ ರೂಪಕ ಎಂಬಲ್ಲಿಂದ ಆರಂಭಿಸಿದರೆ ಅರ್ಧ ಬಿಸಿ ಇಳಿಯುತ್ತದೆ.

‘ಮೊನೊಗೆನೇಸ್’ ಬಗ್ಗೆ: ಇಬ್ರಿಯ 11:17ರಲ್ಲಿ ಇಸಾಕನಿಗೂ ಅದೇ ಪದ, ಆದರೆ ಅಬ್ರಹಾಮನಿಗೆ ಇಷ್ಮಾಯೇಲನೂ ಹುಟ್ಟಿದ್ದ. ಆದ್ದರಿಂದ ‘ಅವನಂಥವನು ಇನ್ನೊಬ್ಬನಿಲ್ಲ’ ಎಂಬ ಅರ್ಥ ಅಲ್ಲಿ ಒಪ್ಪುತ್ತದೆ. ಹುಟ್ಟಿನ ಛಾಯೆ ಪದದಲ್ಲಿ ಇಲ್ಲವೇ ಇಲ್ಲ ಎಂಬ ಇಪ್ಪತ್ತನೇ ಶತಮಾನದ ಒಮ್ಮತಕ್ಕೆ ಈಚೆಗೆ ಮತ್ತೆ ಪ್ರಶ್ನೆಗಳು ಎದ್ದಿವೆ. ನಿತ್ಯಜನನದ ಉಪದೇಶ ಈ ಒಂದು ಪದದ ಮೇಲೆ ನಿಂತಿಲ್ಲವಾದ್ದರಿಂದ ಗುಂಪಿನಲ್ಲಿ ಇದಕ್ಕೆ ಹೆಚ್ಚು ಹೊತ್ತು ಕೊಡಬೇಡಿ. ಯೋಹಾನ 1:18ರ ಪಾಠಭೇದಕ್ಕೆ ಕೊಡಿ: ಪಪೈರಸ್ 66 ಮತ್ತು 75, ಸಿನಾಯ, ವ್ಯಾಟಿಕನ್ ಹಸ್ತಪ್ರತಿಗಳಲ್ಲಿ ‘ಮೊನೊಗೆನೇಸ್ ದೇವರು’, ಅಲೆಕ್ಸಾಂಡ್ರಿನಸ್‌ನಲ್ಲೂ ಬಹುಪಾಲು ನಂತರದ ಪ್ರತಿಗಳಲ್ಲೂ ‘ಮೊನೊಗೆನೇಸ್ ಮಗ’.

ಒನ್‌ನೆಸ್‌ನವರು ಯೂನಿಟೇರಿಯನರಿಗೆ ತದ್ವಿರುದ್ಧ ದಿಕ್ಕಿನವರು. ಯೇಸು ಪೂರ್ಣ ದೇವರು, ತಂದೆಯೇ ಅವನಲ್ಲಿ ನೆಲೆಸಿದ್ದಾನೆ, ‘ಮಗ’ ಎಂಬುದು ಆ ಮಾನುಷತ್ವದ ಹೆಸರು ಎನ್ನುತ್ತಾರೆ. 1913ರ ಲಾಸ್ ಏಂಜಲಿಸ್ ಬಳಿಯ ಕೂಟದಲ್ಲಿ ಯೇಸುವಿನ ಹೆಸರಿನಲ್ಲಿ ದೀಕ್ಷಾಸ್ನಾನದ ಮಾತೆದ್ದು, 1916ರಲ್ಲಿ ಅಸೆಂಬ್ಲೀಸ್ ಆಫ್ ಗಾಡ್ ತ್ರಿತ್ವವನ್ನು ಬರೆದು ಘೋಷಿಸಿದಾಗ ಇವರು ಹೊರನಡೆದರು. ಅ.ಕೃ. 2:38 ಮತ್ತು ಮತ್ತಾಯ 28:19ರ ಚರ್ಚೆಗೆ ಇಳಿದರೆ ದಿನವಿಡೀ ಮುಗಿಯದು. ನೇರ ಯೋಹಾನ 17ಕ್ಕೆ ಹೋಗಿ. ಪ್ರಾರ್ಥಿಸುತ್ತಿರುವುದು ಮಾನುಷತ್ವ ಎಂದು ಅವರು ಉತ್ತರಿಸುತ್ತಾರೆ. ಹಾಗಿದ್ದರೆ ‘ಜಗದುತ್ಪತ್ತಿಗೆ ಮೊದಲೇ ನನ್ನನ್ನು ಪ್ರೀತಿಸಿದಿ’ ಎಂಬ 24ನೇ ವಚನದಲ್ಲಿ ಆಗ ಪ್ರೀತಿಸಲ್ಪಟ್ಟವನು ಯಾರು ಎಂದು ಕೇಳಿ, ಅವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳಿ.

ಅಲ್ಪಾಕ್ಷರ:

ತ್ರಿತ್ವವನ್ನು ಒಪ್ಪುವವರೊಳಗೂ ಬಿರುಕಿದೆ ಎಂದು ಸೇರಿಸಿ. ಮಗ ನಿತ್ಯದಲ್ಲೂ ತಂದೆಯ ಅಧಿಕಾರಕ್ಕೆ ಅಧೀನನೇ ಎಂಬುದರ ಮೇಲೆ 2016ರಲ್ಲಿ ಇವ್ಯಾಂಜೆಲಿಕಲ್ ಪಂಡಿತರ ನಡುವೆ ದೊಡ್ಡ ವಾಗ್ವಾದವಾಯಿತು. ‘ತಂದೆ ನನಗಿಂತ ದೊಡ್ಡವನು’ ಎಂಬ ಯೋಹಾನ 14:28 ಅಲ್ಲಿಯೂ ಬಂತು. ಅವತಾರದ ಸ್ಥಿತಿಯ ಮಾತೋ, ತಂದೆ ಮೂಲ ಎಂಬ ಅರ್ಥದ ಮಾತೋ ಎಂದು ಪ್ರಾಚೀನರೇ ಎರಡು ಬಗೆಯಾಗಿ ಓದಿದ್ದಾರೆ.

ಮತ್ತು 1 ಯೋಹಾನ 5:7ರ ‘ಪರಲೋಕದಲ್ಲಿ ಸಾಕ್ಷಿ ಹೇಳುವವರು ಮೂವರು’ ಎಂಬ ಸಾಲನ್ನು ಹಲಗೆಯ ಮೇಲೆ ಬರೆಯಲೇಬೇಡಿ. ಎರಾಸ್ಮಸ್ 1516 ಮತ್ತು 1519ರ ಗ್ರೀಕ್ ಮುದ್ರಣಗಳಲ್ಲಿ ಅದನ್ನು ಹಾಕಿರಲಿಲ್ಲ, 1522ರಲ್ಲಿ ಸೇರಿಸಿದ. ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಆ ಸಾಲಿಲ್ಲ, ನಾಲ್ಕನೇ ಶತಮಾನದ ಗ್ರೀಕ್ ವಾಗ್ವಾದದಲ್ಲಿ ಯಾರೂ ಅದನ್ನು ಎತ್ತಲೂ ಇಲ್ಲ.