ಆ ಗೋಡೆ ಜೆಫರ್ಸನ್‌ದೋ, ವಿಲಿಯಮ್ಸ್‌ದೋ?

ಬಯಲುಸೀಮೆ: ಅಮೆರಿಕದಲ್ಲಿ ಚರ್ಚಿಗೂ ಸರ್ಕಾರಕ್ಕೂ ನಡುವೆ ಗೋಡೆ ಕಟ್ಟಿದ್ದು, ಅಂದ್ರೆ ಎರಡನ್ನೂ ಬೇರೆ ಬೇರೆ ಇಡಬೇಕು ಅಂದದ್ದು, ಅಧ್ಯಕ್ಷ ಥಾಮಸ್ ಜೆಫರ್ಸನ್. 1802ರಲ್ಲಿ ಡ್ಯಾನ್‌ಬರಿ ಊರಿನ ಬ್ಯಾಪ್ಟಿಸ್ಟ್ ಪಂಥದ ಕ್ರೈಸ್ತರಿಗೆ ಬರೆದ ಕಾಗದದಲ್ಲಿ ಆ ಮಾತಿದೆ. ಅವನಿಗಿಂತ ಮೊದಲಿನವರೆಲ್ಲ ಬರೀ ಪಾದ್ರಿಗಳು. ಅವರ ಬರಹದಲ್ಲಿ ಸ್ವಾತಂತ್ರ್ಯ ಹುಡುಕುವುದು ಸುಮ್ನೆ ಕಾಲಹರಣ.

ಕಾಫಿಪುಡಿ: "ಬರೀ ಪಾದ್ರಿಗಳು" ಅಂತೀರಲ್ಲ, ಆ ಗೋಡೆಯ ಮಾತಾಡಿದ್ದೇ ಒಬ್ಬ ಪಾದ್ರಿ! ರಾಜರ್ ವಿಲಿಯಮ್ಸ್, 1644. ಆಗ ಜೆಫರ್ಸನ್ ಹುಟ್ಟಲು ಇನ್ನೂ 99 ವರ್ಷ ಬಾಕಿ. ಚರ್ಚು ತೋಟ, ಲೋಕ ಕಾಡು, ನಡುವಿನ ಬೇಲಿ ಬಿದ್ದರೆ ತೋಟವೂ ಕಾಡಾಗುತ್ತದೆ ಅಂದ. 1635ರಲ್ಲಿ ಮ್ಯಾಸಚೂಸೆಟ್ಸ್‌ನವರು ಗಡೀಪಾರು ಮಾಡಿದ ಮೇಲೆ ಹೋಗಿ ಪ್ರಾವಿಡೆನ್ಸ್ ಊರು ಕಟ್ಟಿದವನು.

ಬಯಲುಸೀಮೆ: ನೀವೇ "ಬೇಲಿ" ಅಂದಿರಿ. ಬೇಲಿ ಬೇರೆ, ಗೋಡೆ ಬೇರೆ.

ಕಾಫಿಪುಡಿ: ಅವನು ಬರೆದದ್ದು "ಬೇಲಿ ಅಥವಾ ಗೋಡೆ". ಪೂರ್ತಿ ಓದಿ ಸಾರ್.

ಬಯಲುಸೀಮೆ: "ಅಥವಾ" ಅಂದ್ರೆ ಅವನಿಗೇ ಖಾತ್ರಿ ಇರಲಿಲ್ಲ ಅಂತಾಯ್ತು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ.

ತುಂಗಾತೀರ: ಬೇಲಿಯೋ ಗೋಡೆಯೋ, ಕಾಯುವುದು ಯಾರನ್ನ? ವಿಲಿಯಮ್ಸ್‌ಗೆ ಸರ್ಕಾರ ಸೇರಿದರೆ ಚರ್ಚು ಕೆಡುತ್ತದೆ ಅನ್ನುವ ಚಿಂತೆ. ಜೆಫರ್ಸನ್‌ಗೆ ಮನುಷ್ಯನ ಚಿಂತೆ. ಪಕ್ಕದ ಮನೆಯವನು ಇಪ್ಪತ್ತು ದೇವರಿದ್ದಾರೆ ಅನ್ನಲಿ, ದೇವರೇ ಇಲ್ಲ ಅನ್ನಲಿ, ಅದರಿಂದ ನನ್ನ ಜೇಬಿಗೆ ಕತ್ತರಿ ಬೀಳಲ್ಲ, ಕಾಲೂ ಮುರಿಯಲ್ಲ ಅಂತ ವರ್ಜೀನಿಯಾ ಬಗೆಗಿನ ಪುಸ್ತಕದಲ್ಲಿ ಬರೆದ. ಧಾರ್ಮಿಕ ಸ್ವಾತಂತ್ರ್ಯಕ್ಕೆ ಅವನು ಬರೆದ ಕರಡೇ 1786ರಲ್ಲಿ ವರ್ಜೀನಿಯಾದಲ್ಲಿ ಕಾನೂನಾಯಿತು.

ರಾಗಿಮುದ್ದೆ: "ಮನುಷ್ಯನ ಚಿಂತೆ"ನಾ?! ಜೀವಮಾನದಲ್ಲಿ 600ಕ್ಕೂ ಜಾಸ್ತಿ ಮನುಷ್ಯರನ್ನು ಗುಲಾಮರಾಗಿ ಇಟ್ಟುಕೊಂಡವನಿಗೆ? ನೀವು ಹೇಳಿದ ಅದೇ ಪುಸ್ತಕದಲ್ಲಿ ಫಿಲಿಸ್ ವೀಟ್ಲಿ ಬಗ್ಗೆ ಏನಂದ ನೋಡಿ. ಗುಲಾಮಳಾಗಿದ್ದಾಗಲೇ 1773ರಲ್ಲಿ ಕವನ ಸಂಕಲನ ತಂದ ಹುಡುಗಿ ಅವಳು. ಧರ್ಮದಿಂದ ಅಂಥವಳು ಬರಬಹುದು, ಕವಿ ಬರಲಾರಳು ಅಂತ ಬರೆದುಬಿಟ್ಟ. ಪಕ್ಕದ ಮನೆಯವನ ದೇವರ ಬಗ್ಗೆ ಇಷ್ಟು ಉದಾರಿ, ತನ್ನ ಹೊಲದಲ್ಲಿ ದುಡಿಯುವವರ ಬಗ್ಗೆ ಹೀಗೆ.

ಬಯಲುಸೀಮೆ: ವಿಷಯಾಂತರ ಮಾಡಬೇಡಿ. ನಾವು ಗೋಡೆ ಬಗ್ಗೆ ಮಾತಾಡುತ್ತಿದ್ದೇವೆ.

ರಾಗಿಮುದ್ದೆ: ಸ್ವಾತಂತ್ರ್ಯದ ಚರ್ಚೆಯಲ್ಲಿ ಗುಲಾಮಗಿರಿ ವಿಷಯಾಂತರವಾ? ನಾಚಿಕೆ ಆಗಲ್ವಾ? ನಿಮ್ಮ ಗೋಡೆ ನೀವೇ ಇಟ್ಕೊಳ್ಳಿ.

ಕಾಫಿಪುಡಿ: ತುಂಗಾತೀರ, ವಿಲಿಯಮ್ಸ್‌ಗೆ ಚರ್ಚಿನ ಚಿಂತೆ ಮಾತ್ರ ಅನ್ನೋದು ತಪ್ಪು. ಅದೇ 1644ರಲ್ಲಿ ಬಂದ ಅವನ ಇನ್ನೊಂದು ಪುಸ್ತಕ ನೋಡಿ. ಯೆಹೂದಿಯಾಗಲಿ, ತುರ್ಕನಾಗಲಿ (ಅಂದ್ರೆ ಮುಸ್ಲಿಮನಾಗಲಿ), ಮನಸ್ಸಾಕ್ಷಿ ಮೇಲೆ ಸರ್ಕಾರ ಕೈ ಹಾಕಬಾರದು ಅಂದ. ಆಮೇಲೆ ಅವನನ್ನು ಓಡಿಸಿದ ಮ್ಯಾಸಚೂಸೆಟ್ಸ್‌ನ ಬಾಸ್ಟನ್‌ನವರು ಏನು ಮಾಡಿದರು? 1660ರಲ್ಲಿ ಕ್ವೇಕರ್ ಅನ್ನೋ ಬೇರೆ ಕ್ರೈಸ್ತ ಪಂಥದವಳಾಗಿದ್ದ ಮೇರಿ ಡೈಯರ್‌ಳನ್ನು ಗಲ್ಲಿಗೇರಿಸಿದರು. ಧರ್ಮ ಕಾಯಬೇಕಾದ ಬೇಲಿಯೇ ಎದ್ದು ಹೊಲ ಮೇಯಿತು.

ತುಂಗಾತೀರ: "ಮಾತ್ರ" ಅಂತ ನಾನೆಲ್ಲಿ ಅಂದೆ? ನನ್ನ ಬಾಯಿಗೆ ಮಾತು ತುರುಕಬೇಡಿ.

ಬಯಲುಸೀಮೆ: ನೋಡಿ, ಮತ್ತೆ "ಬೇಲಿಯೇ" ಅಂದಿರಿ! ಗೋಡೆ ಜೆಫರ್ಸನ್‌ದೇ.

ಕಾಫಿಪುಡಿ: ಬೇಲಿ ಅಥವಾ ಗೋಡೆ. ಅ-ಥ-ವಾ.