‘ಕಾಂತಿಮಾನ ಇಳಿಯಿತು’ ಎಂದರೆ ಧೂಮಕೇತು ಬೆಳಗಿತೆಂದೋ, ಮಂಕಾಯಿತೆಂದೋ?

ಪ್ರೌಢಶಾಲೆಯ ಮಕ್ಕಳು ಧೂಮಕೇತುಗಳನ್ನು ನೋಡಿ ಬರೆದಿಡಲು ನೆರವಾಗುವ ಒಂದು ಕಿರುಕೈಪಿಡಿಯನ್ನು ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ಬಳಸಬೇಕಾದ ಕೆಲವು ಪದಗಳ ಬಗ್ಗೆ, ಮುಖ್ಯವಾಗಿ ಆಕಾಶಕಾಯಗಳ ಹೊಳಪನ್ನು ಸೂಚಿಸುವ ಸಂಖ್ಯೆಗೆ (ಇಂಗ್ಲಿಷಿನ ‘ಮ್ಯಾಗ್ನಿಟ್ಯೂಡ್’) ಬಳಸುವ ‘ಕಾಂತಿಮಾನ’ ಎಂಬ ಪದದ ಬಗ್ಗೆ, ಬಲ್ಲವರ ಅಭಿಪ್ರಾಯವನ್ನು ಕೋರುತ್ತೇನೆ.

ಈ ಪ್ರಶ್ನೆ ಹುಟ್ಟಿದ್ದು ಒಬ್ಬ ಹುಡುಗಿಯ ಟಿಪ್ಪಣಿ ಪುಸ್ತಕದಿಂದ. 2024ರ ಮಾರ್ಚ್‌ನಲ್ಲಿ ಪಾನ್ಸ್-ಬ್ರೂಕ್ಸ್ ಧೂಮಕೇತು ಸಂಜೆಯ ಪಡುವಣ ಬಾನಿನಲ್ಲಿ ತಗ್ಗಿನಲ್ಲಿ ಕಾಣುತ್ತಿದ್ದಾಗ ನಾವು ಕೆಲವರು ಬೈನಾಕ್ಯುಲರ್ ಹಿಡಿದು ಅದರ ಬೆಳಕನ್ನು ಅಂದಾಜು ಮಾಡುತ್ತಿದ್ದೆವು. ಮೊದಲು ಧೂಮಕೇತುವನ್ನು ಸ್ಪಷ್ಟವಾಗಿ ನೋಡಿ ಅದರ ಹೊಳಪನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಬಳಿಕ ಬೈನಾಕ್ಯುಲರಿನ ತಿರುಪನ್ನು ತಿರುಗಿಸಿ, ಅಕ್ಕಪಕ್ಕದ ನಕ್ಷತ್ರಗಳು ಧೂಮಕೇತುವಿನಷ್ಟೇ ಅಗಲದ ಮಸುಕು ಬಿಲ್ಲೆಗಳಾಗುವಂತೆ ಮಾಡಿ, ಯಾವ ನಕ್ಷತ್ರಕ್ಕೆ ಅದು ಸಮನಾಗುತ್ತದೆ ಎಂದು ಹೋಲಿಸಬೇಕು. ಆ ಹುಡುಗಿ ಇದನ್ನು ಶ್ರದ್ಧೆಯಿಂದ ಮಾಡಿದ್ದಳು. ತಿಂಗಳ ನಡುವೆ 5.6 ಎಂದೂ, ಕೊನೆಯ ವಾರ ಧೂಮಕೇತು ಮೇಷ ರಾಶಿಯ ಹಮಲ್ ನಕ್ಷತ್ರದ ಪಕ್ಕಕ್ಕೆ ಬಂದಾಗ 4.8 ಎಂದೂ ಬರೆದಿದ್ದಳು. ಅದರ ಕೆಳಗೆ ದುಂಡಾದ ಅಕ್ಷರಗಳಲ್ಲಿ, ‘ಕಾಂತಿಮಾನ ಇಳಿದಿದೆ, ಆದ್ದರಿಂದ ಧೂಮಕೇತು ಮಂಕಾಗುತ್ತಿದೆ’ ಎಂದು ತೀರ್ಮಾನವನ್ನೂ ಕೊಟ್ಟಿದ್ದಳು. ಅವಳ ಕಣ್ಣೂ ತಪ್ಪಿರಲಿಲ್ಲ, ಲೆಕ್ಕವೂ ತಪ್ಪಿರಲಿಲ್ಲ. ಧೂಮಕೇತು ಅಷ್ಟರಲ್ಲಿ ಸುಮಾರು ಎರಡು ಪಟ್ಟು ಹೆಚ್ಚು ಬೆಳಗಿತ್ತು. ಅವಳನ್ನು ದಾರಿ ತಪ್ಪಿಸಿದ್ದು ನಾವು ಕೊಟ್ಟ ಪದ.

ಕನ್ನಡದಲ್ಲಿ ‘ಮಾನ’ ಎಂಬುದು ಅಳತೆಯನ್ನು ಸೂಚಿಸುವ ಉತ್ತರಪದವಾಗಿ ಬಂದಾಗ, ಸಂಖ್ಯೆ ಹೆಚ್ಚಿದರೆ ವಸ್ತುವೂ ಹೆಚ್ಚಿತೆಂದೇ ಓದುಗರು ತಿಳಿಯುತ್ತಾರೆ. ತಾಪಮಾನ ಏರಿತೆಂದರೆ ಬಿಸಿ ಹೆಚ್ಚಿತೆಂದು ಅರ್ಥ. ‘ಕಾಂತಿಮಾನ’ದಲ್ಲಿ ಮಾತ್ರ ಈ ನಿಯಮ ತಲೆಕೆಳಗಾಗುತ್ತದೆ. ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೆಚ್ಚು. ಹೀಗಾಗಿ ‘ಕಾಂತಿಮಾನ ಏರಿತು’ ಎಂಬ ವಾಕ್ಯವನ್ನು ಒಬ್ಬರು ಬೆಳಕು ಹೆಚ್ಚಿತೆಂದೂ ಇನ್ನೊಬ್ಬರು ಸಂಖ್ಯೆ ಹೆಚ್ಚಿತೆಂದೂ ಓದಬಹುದು, ಮತ್ತು ಇಬ್ಬರೂ ಕನ್ನಡದ ಮಟ್ಟಿಗೆ ಸರಿಯೇ. ‘ಉಜ್ಜ್ವಲಾಂಕ’ ಎಂದು ಬದಲಾಯಿಸಿದರೂ ತೊಡಕು ಉಳಿಯುತ್ತದೆ. ‘ಅಂಕ’ ಎಂದೊಡನೆ ಪರೀಕ್ಷೆಯ ಅಂಕವೇ ಮಕ್ಕಳ ಕಣ್ಣಮುಂದೆ ಬರುತ್ತದೆ.

ಈ ಅಳತೆ ಮೊದಲು ಹುಟ್ಟಿದ್ದು ಅಳತೆಯಾಗಿ ಅಲ್ಲ, ವರ್ಗೀಕರಣವಾಗಿ. ಪ್ರಾಚೀನ ಗ್ರೀಕ್ ಖಗೋಳಜ್ಞರು ಬರಿಗಣ್ಣಿಗೆ ಕಾಣುವ ನಕ್ಷತ್ರಗಳನ್ನು ಆರು ಗುಂಪುಗಳಾಗಿ ಮಾಡಿ, ಅತಿ ಪ್ರಕಾಶಮಾನವಾದವನ್ನು ಒಂದನೆಯದರಲ್ಲಿಯೂ ಕಣ್ಣಿಗೆ ಎಟುಕುವ ಕೊನೆಯವನ್ನು ಆರನೆಯದರಲ್ಲಿಯೂ ಇಟ್ಟರು. 1856ರಲ್ಲಿ ನಾರ್ಮನ್ ಪಾಗ್ಸನ್ ಇದಕ್ಕೆ ಗಣಿತದ ಚೌಕಟ್ಟು ಕೊಟ್ಟರು. ಐದು ಹಂತಗಳ ಅಂತರವೆಂದರೆ ಬೆಳಕಿನಲ್ಲಿ ಸರಿಯಾಗಿ 100 ಪಟ್ಟು, ಒಂದು ಹಂತವೆಂದರೆ ಸುಮಾರು 2.512 ಪಟ್ಟು. (ಇದೇ ಪಾಗ್ಸನ್ ಮುಂದೆ ಮದ್ರಾಸ್ ವೀಕ್ಷಣಾಲಯದಲ್ಲಿ ಮೂರು ದಶಕ ದುಡಿದರು.) ಮೂಲದ ಭಾವನೆ ಗುಂಪು ಅಥವಾ ಸ್ಥಾನದ್ದಾಗಿರುವುದರಿಂದ ‘ಕಾಂತಿದರ್ಜೆ’ ಎಂಬ ಪದವನ್ನು ಸೂಚಿಸಬಯಸುತ್ತೇನೆ. ಪ್ರಥಮ ದರ್ಜೆ ಸಹಾಯಕರು ದ್ವಿತೀಯ ದರ್ಜೆ ಸಹಾಯಕರಿಗಿಂತ ಮೇಲೆ ಎಂಬುದನ್ನು ನಮ್ಮ ಕಚೇರಿಗಳಿಗೆ ಅಲೆದ ಯಾರಿಗೂ ವಿವರಿಸಬೇಕಾಗಿಲ್ಲ. ಧೂಮಕೇತು ಆರನೆಯ ದರ್ಜೆಯಿಂದ ಐದನೆಯ ದರ್ಜೆಗೆ ಬಂದಿತೆಂದರೆ ಅದು ಬಡ್ತಿ ಎಂದು ಓದುಗರಿಗೆ ತಾನಾಗಿಯೇ ಹೊಳೆಯುತ್ತದೆ.

ಇದಕ್ಕೆ ಎರಡು ಆಕ್ಷೇಪಗಳಿವೆ. ದರ್ಜೆ ಎಂಬುದು ಪೂರ್ಣಾಂಕಗಳಿಗೆ ಒಗ್ಗುವ ಮಾತು, ‘4.8ನೆಯ ದರ್ಜೆ’ ಎನ್ನುವುದು ಕಿವಿಗೆ ಒರಟಾಗಿ ಕೇಳುತ್ತದೆ, ‘ಕಾಂತಿದರ್ಜೆ 4.8’ ಎಂದರೆ ಅಷ್ಟಿಲ್ಲ. ಲುಬ್ಧಕದಂತಹ ನಕ್ಷತ್ರಕ್ಕೆ ಋಣ 1.46 ಎಂದು ಬರೆಯಬೇಕಾದಾಗ ‘ಋಣ ದರ್ಜೆ’ ಎನ್ನುವುದು ಇನ್ನೂ ವಿಚಿತ್ರ. ಆದರೂ ಅರ್ಥವನ್ನೇ ತಿರುಗಿಸಿಬಿಡುವ ಪದಕ್ಕಿಂತ ಸ್ವಲ್ಪ ಒರಟಾದ ಪದ ಮೇಲು ಎಂದು ನನ್ನ ಅನಿಸಿಕೆ.

‘ನಿರಪೇಕ್ಷ ಕಾಂತಿಮಾನ’ದಲ್ಲಿ ಮತ್ತೊಂದು ತೊಡಕಿದೆ. ನಕ್ಷತ್ರಗಳ ವಿಷಯದಲ್ಲಿ ಅದು 10 ಪಾರ್ಸೆಕ್ (ಸುಮಾರು 32.6 ಜ್ಯೋತಿರ್ವರ್ಷ) ದೂರದಿಂದ ಕಾಣುವ ಬೆಳಕು. ಧೂಮಕೇತುವಿನ ವಿಷಯದಲ್ಲಿ ಸೂರ್ಯನಿಂದಲೂ ಭೂಮಿಯಿಂದಲೂ ಒಂದೊಂದು ಖಗೋಳಮಾನ (ಭೂಮಿಗೂ ಸೂರ್ಯನಿಗೂ ನಡುವಿನ ಸರಾಸರಿ ದೂರ) ದೂರದಲ್ಲಿಟ್ಟಾಗ ಇರುವ ಬೆಳಕು. ಧೂಮಕೇತು ಭೂಮಿಗೆ ಅರ್ಧದಷ್ಟು ಹತ್ತಿರವಾದರೆ ನಾಲ್ಕು ಪಟ್ಟು ಬೆಳಗುತ್ತದೆ, ಆದರೆ ಸೂರ್ಯನಿಗೆ ಅರ್ಧದಷ್ಟು ಹತ್ತಿರವಾದರೆ, ಹಿಮ ಆವಿಯಾಗಿ ಧೂಳನ್ನೂ ಹೊರತಳ್ಳುವುದರಿಂದ, ಅನೇಕ ಧೂಮಕೇತುಗಳು ಸರಿಸುಮಾರು ಹದಿನಾರು ಪಟ್ಟು ಬೆಳಗುತ್ತವೆ. ಆದ್ದರಿಂದ ಎರಡೂ ದೂರಗಳನ್ನು ಹೇಳುವುದು ಅನಿವಾರ್ಯ. ‘ಏಕಮಾನ ಕಾಂತಿದರ್ಜೆ’ ಎಂದರೆ ಹೊಂದೀತೇ?

ಮುಂದಿನದು ಧೂಮಕೇತು ಇದ್ದಕ್ಕಿದ್ದಂತೆ ಬೆಳಗುವುದನ್ನು ಹೇಳುವ ಪದ. ಪಾನ್ಸ್-ಬ್ರೂಕ್ಸ್ 2023ರ ಜುಲೈನಲ್ಲಿ ಹಠಾತ್ತನೆ ಸುಮಾರು ಐದು ದರ್ಜೆ ಮೇಲೇರಿತು. 2007ರ ಅಕ್ಟೋಬರ್‌ನಲ್ಲಿ ಹೋಮ್ಸ್ ಧೂಮಕೇತು ಎರಡೇ ದಿನಗಳೊಳಗೆ 17ನೆಯ ದರ್ಜೆಯ ಆಸುಪಾಸಿನಿಂದ 3ರ ಒಳಗೆ ಬಂದು ಬರಿಗಣ್ಣಿಗೆ ಕಂಡಿತು. ಇದನ್ನು ‘ಸ್ಫೋಟ’ ಎಂದು ಬರೆಯುವ ರೂಢಿಯಿದೆ, ಆದರೆ ಧೂಮಕೇತು ಸಿಡಿದು ಚೂರಾಗುವುದೇ ಬೇರೆ ಘಟನೆ; ಹೋಮ್ಸ್ ಸಿಡಿದು ಇಲ್ಲವಾಗಲಿಲ್ಲ, ಈಗಲೂ ಸುತ್ತುತ್ತಿದೆ. ‘ಭುಗಿಲೇಳು’ ಎಂದರೆ ಬೆಂಕಿ ನೆನಪಾಗುತ್ತದೆ, ಅಲ್ಲಿ ಉರಿಯುವುದೇನೂ ಇಲ್ಲ. ಒಳಗಿನ ಅನಿಲ ಒತ್ತಿಬಂದು ಧೂಳನ್ನು ಮೇಲಕ್ಕೆತ್ತಿ ಹರಡುವ ಬಗೆಗೆ, ಹಾಲಿನ ಪಾತ್ರೆಯನ್ನು ಒಲೆಯ ಮೇಲಿಟ್ಟವರಿಗೆಲ್ಲ ಗೊತ್ತಿರುವ ‘ಉಕ್ಕು’ ಎಂಬ ಕ್ರಿಯಾಪದ ಬಹಳ ಹತ್ತಿರವಾಗಿದೆ. ‘ಧೂಮಕೇತು ಉಕ್ಕಿತು’ ಎಂಬ ವಾಕ್ಯ ನನಗೆ ಒಪ್ಪಿಗೆಯಾಗಿದೆ. ನಾಮಪದಕ್ಕೆ ‘ಕಾಂತಿಯುಕ್ಕು’ ಸರಿಯೇ ಎಂಬುದನ್ನು ತಿಳಿದವರು ಹೇಳಬೇಕು.

ಕಕ್ಷೆಯ ಪದಗಳಲ್ಲಿ ಇಷ್ಟು ತೊಡಕಿಲ್ಲ. ಸೂರ್ಯನ ಸುತ್ತಲಿನ ದೀರ್ಘವೃತ್ತಕ್ಕೆ ‘ಕಕ್ಷೆ’, ರಾತ್ರಿಯಿಂದ ರಾತ್ರಿಗೆ ನಕ್ಷತ್ರಗಳ ನಡುವೆ ಧೂಮಕೇತು ಸರಿದ ದಾರಿಗೆ ‘ಜಾಡು’ ಎಂದು ಬೇರೆ ಮಾಡಿಕೊಂಡಿದ್ದೇನೆ. ಸೂರ್ಯನಿಗೆ ಅತಿ ಹತ್ತಿರದ ಬಿಂದುವಿಗೆ ‘ರವಿನೀಚ’ ಎಂಬ ಸಲಹೆ ಬಂದಿತ್ತು. ಜಾತಕ ನೋಡುವ ಮನೆಗಳಲ್ಲಿ ರವಿ ನೀಚನಾಗುವುದು ತುಲಾ ರಾಶಿಯಲ್ಲಿ, ಆ ಗೊಂದಲ ಬೇಡವೆಂದು ‘ಪುರರವಿ’ಯನ್ನೇ ಉಳಿಸಿಕೊಂಡೆ.

ಮತ್ತೆ ಮತ್ತೆ ಬರುವ ಧೂಮಕೇತುವಿಗೆ ‘ನಿಯತಕಾಲಿಕ’ ಎನ್ನಲಾಗದು, ಅದು ವಾರಪತ್ರಿಕೆ, ಮಾಸಪತ್ರಿಕೆಗಳ ಹೆಸರಾಗಿಬಿಟ್ಟಿದೆ. ಅರ್ಥದ ದೃಷ್ಟಿಯಿಂದಲೂ ‘ನಿಯತ’ ಸಲ್ಲದು. ಪಾನ್ಸ್-ಬ್ರೂಕ್ಸ್ ಪುರರವಿಗೆ ಬಂದದ್ದು 1812ರ ಸೆಪ್ಟೆಂಬರ್, 1884ರ ಜನವರಿ, 1954ರ ಮೇ ಮತ್ತು 2024ರ ಏಪ್ರಿಲ್‌ನಲ್ಲಿ. ನಡುವಿನ ಅಂತರ ಮೊದಲು 71 ವರ್ಷ ನಾಲ್ಕು ತಿಂಗಳು, ಬಳಿಕ 70 ವರ್ಷ ನಾಲ್ಕು ತಿಂಗಳು, ಕೊನೆಯದು 70 ವರ್ಷಕ್ಕೆ ಒಂದು ತಿಂಗಳು ಕಡಿಮೆ. ಗ್ರಹಗಳ ಸೆಳೆತದಿಂದ ಅವಧಿ ಹೀಗೆ ಪ್ರತಿ ಸುತ್ತಿಗೂ ಬದಲಾಗುತ್ತದೆ. ಮುಂದಿನ ಬರವು 2095ರ ಆಗಸ್ಟ್‌ನಲ್ಲಿ. ‘ಮರುಕಳಿಸುವ’ ಎಂದರೆ ಜ್ವರದ ನೆನಪು. ‘ಆವರ್ತಕ ಧೂಮಕೇತು’ ಎಂಬುದನ್ನೇ ಇಟ್ಟುಕೊಂಡಿದ್ದೇನೆ.

ಕೈಪಿಡಿಯ ವೀಕ್ಷಣಾ ಪಟ್ಟಿಯಲ್ಲಿ ದಿನಾಂಕ, ವೇಳೆ, ರಾಶಿ ಎಂಬ ಕಲಮುಗಳ ತಲೆಬರಹ ತುಂಬಿದೆ. ನಾಲ್ಕನೆಯದು ಖಾಲಿ ಇದೆ. ಅಲ್ಲಿ ‘ಕಾಂತಿದರ್ಜೆ’ ಎಂದು ಬರೆಯಬಹುದೇ, ಅಥವಾ ರೂಢಿಯ ‘ಕಾಂತಿಮಾನ’ವನ್ನೇ ಇಟ್ಟು ‘ಸಂಖ್ಯೆ ಕಡಿಮೆಯಾದರೆ ಬೆಳಕು ಹೆಚ್ಚು’ ಎಂದು ಕೆಳಗೊಂದು ಸಾಲು ಸೇರಿಸುವುದು ಲೇಸೇ?