ಪ್ರಶ್ನೋತ್ತರ: ನಡುರಾತ್ರಿ ಸುಮ್ಮಸುಮ್ಮನ ಹೊಡಕೊಳ್ಳೋ ಅಲಾರಂ, ಪೊಲೀಸರು ನಂಬೂದು ಹೆಂಗ?

ಪ್ರಶ್ನೆ (ಜವಳಿ ಸಾಲ, ಹುಬ್ಬಳ್ಳಿ): ನಮಸ್ಕಾರ್ರೀ. ನಮ್ಮದು ಸೀರಿ ಅಂಗಡಿ. ಎರಡು ವರ್ಷದ ಹಿಂದ ಕಳ್ಳರ ಅಲಾರಂ ಹಾಕ್ಸೇವಿ. ಈ ಆಷಾಢ ಹಿಡದಾಗಿಂದ ವಾರದಾಗ ಎರಡು ಮೂರು ಸಲ ನಡುರಾತ್ರಿ ಹೊಡಕೋತೈತಿ. ಮನಿ ವಿದ್ಯಾನಗರದಾಗ. ನಾ ಗಾಡಿ ತಗೊಂಡು ಬರೂದ್ರಾಗ ಓಣಿ ಮಂದಿ ಎಲ್ಲಾ ಎದ್ದು ಕುಂತಿರತಾರ. ಎರಡು ಸಲ 112ಕ್ಕ ಫೋನ್ ಮಾಡಿದ್ವಿ, ಪೊಲೀಸರು ಬಂದ್ರು, ನೋಡಿದ್ರ ಶಟರ್ ಬೀಗ ಹಾಕಿದಂಗ ಐತಿ. ಮೂರನೇ ಸಲ ಮಾಡಾಕ ನನಗೇ ನಾಚಿಕಿ. ಹಾಕಿಕೊಟ್ಟವ್ರು ‘ಪ್ಯಾನೆಲ್ (ಅಲಾರಂನ ಮುಖ್ಯ ಪೆಟ್ಟಿಗಿ) ಹಳೇದಾತು, ಹೊಸಾದು ಹಾಕ್ಸರಿ’ ಅಂತಾರ. ತಗದು ಒಗದ್ರ ಹೆಂಗ?

ಉತ್ತರ (ಅಲಾರಂ, ಸಿಸಿಟಿವಿ ಕೆಲಸದವ, ಹುಬ್ಬಳ್ಳಿ): ಅಣ್ಣಾರ, ಒಗೀಬ್ಯಾಡ್ರಿ, ಹೊಸಾದೂ ತರಬ್ಯಾಡ್ರಿ. ಸುಳ್ಳು ಅಲಾರಂದಾಗ ಪ್ಯಾನೆಲ್ ತಪ್ಪಿರೂದು ಭಾಳ ಕಡಿಮಿ. ಮೊದಲ ಗಲ್ಲಾದಾಗ ಒಂದು ನೋಟ್‌ಬುಕ್ ಇಡ್ರಿ. ಎಷ್ಟು ಗಂಟೆಕ್ಕ ಹೊಡೀತು, ಯಾವ ಝೋನ್ (ಅಂದ್ರ ಯಾವ ಜಾಗಾದ ಸೆನ್ಸರ್), ಕರೆಂಟ್ ಹೋಗಿತ್ತಾ, ಗಾಳಿ ಇತ್ತಾ, ಅವತ್ತು ಸಂಜಿಗೆ ಅಂಗಡಿ ಮುಚ್ಚಿದವ್ರು ಯಾರು. ಝೋನ್ ನಂಬರ್ ಕೀಪ್ಯಾಡಿನ ಮೆಮೊರಿಯಾಗ ಸಿಗತೈತಿ. ಹೊಳ್ಳಿ ಆರ್ಮ್ ಮಾಡಿದ್ರ, ಅಂದ್ರ ಅಲಾರಂ ಚಾಲೂ ಮಾಡಿದ್ರ, ಎಷ್ಟೋ ಪ್ಯಾನೆಲ್‌ನ್ಯಾಗ ಅದು ಅಳಿಸಿ ಹೋಗತೈತಿ, ಅದಕ್ಕ ಮೊದಲ ಬರಕೊಂಡು ಆಮ್ಯಾಲ ಮುಂದಿನ ಕೆಲಸ. ಹತ್ತು ದಿನದ ಲೆಕ್ಕ ಇಲ್ಲೇ ಹಾಕ್ರಿ. ಝೋನ್ ಗೊತ್ತಿಲ್ಲದ ಮದ್ದು ಹೇಳಾಕ ನಾ ಜ್ಯೋತಿಷಿ ಅಲ್ಲ.

ಪ್ರಶ್ನೆ (ಮಾಳಮಡ್ಡಿ, ಧಾರವಾಡ): ನಡುವ ಬಾಯಿ ಹಾಕತೀನಿ, ಸಿಟ್ಟಾಗಬ್ಯಾಡ್ರಿ. ನನ್ನ ತಮ್ಮ ಇಂಗ್ಲೆಂಡಿನ್ಯಾಗ ಇದ್ದಾನ. ಅವನ ಅಲಾರಂಗ ಪೊಲೀಸರೇ ಒಂದು ನಂಬರ್ ಕೊಟ್ಟಾರಂತ, ಆ ನಂಬರ್ ಇದ್ರನ ಬರತಾರಂತ. ನಮ್ಮಲ್ಲೂ ಹಂಗೇನರ ಅದ ಏನು? ಮನಿಗೆ ಬೀಗ ಹಾಕಿ ಎರಡು ತಿಂಗಳು ಮಗಳ ಕಡೆ ಹೋಗೂದದ.

ಉತ್ತರ: ಅಕ್ಕಾರ, ನಿಮ್ಮ ತಮ್ಮ ಹೇಳಿದ್ದು ಖರೆ. ಅಲ್ಲಿ ಯುಆರ್‌ಎನ್ ಅಂತ ನಂಬರ್ ಇರತೈತಿ. ಎನ್‌ಎಸ್‌ಐ ಅಥವಾ ಎಸ್‌ಎಸ್‌ಎಐಬಿ ಅನ್ನೋ ಅಲ್ಲಿನ ಸಂಸ್ಥೆಗಳ ಮಾನ್ಯತೆ ಇರೋ ಕಂಪನಿನೇ ಹಾಕಿರಬೇಕು, ಅಲಾರಂ ಸುದ್ದಿ ಮಾನಿಟರಿಂಗ್ ಸೆಂಟರಿಗೆ (ಕುಂತು ಅಲಾರಂ ನೋಡಕೊಳ್ಳೋ ಜಾಗಾಕ್ಕ) ಹೋಗಬೇಕು. ಒಂದು ಸೆನ್ಸರ್ ಹೊಡದ್ರ ಸಾಲೂದಿಲ್ಲ, ಎರಡನೇದು ಹೊಡೀಬೇಕು, ಇಲ್ಲಾ ಕ್ಯಾಮೆರಾದಾಗ ಕಾಣಬೇಕು, ಇಲ್ಲಾ ದನಿ ಕೇಳಬೇಕು. ಆಗ ಅದು ‘ಖಾತ್ರಿಯಾದ ಅಲಾರಂ’. 12 ತಿಂಗಳದಾಗ ಮೂರು ಸಲ ಸುಳ್ಳು ಅಂತ ಬಂದ್ರ ಪೊಲೀಸರು ಬರೂದು ನಿಂತು ಹೋಗತೈತಿ. ಅಮೆರಿಕಾದಾಗ ಭಾಳಷ್ಟು ಊರಾಗ ಅಲಾರಂಗ ಪರ್ಮಿಟ್ ಬೇಕು, ಸುಳ್ಳು ಹೆಚ್ಚಾದ್ರ ದಂಡಾನೂ ಐತಿ. ಸಾಲ್ಟ್ ಲೇಕ್ ಸಿಟಿಯಾಗಂತೂ 2000ನೇ ಇಸ್ವಿಯಿಂದ ಮೊದಲ ಗಾರ್ಡ್ ಹೋಗಿ ನೋಡಿ ಖಾತ್ರಿ ಮಾಡಬೇಕು, ಆಮ್ಯಾಲ ಪೊಲೀಸರು.

ನಮ್ಮ ಹುಬ್ಬಳ್ಳಿ-ಧಾರವಾಡದಾಗ ಅಂಥಾ ನಂಬರ್ ಇಲ್ಲ, ಇರೂದು 112. ಆದ್ರ ಅವರ ಯುಕ್ತಿ ನಮಗೂ ಬೇಕು. ಫೋನ್ ತಗೊಂಡವ್ರಿಗೆ ‘ಅಲಾರಂ ಹೊಡೀಲಿಕ್ಕತ್ತೈತಿ’ ಅನ್ನೂದಕ್ಕೂ ‘ಮಾಳಮಡ್ಡಿ ಇಂಥಾ ಗುಡಿ ಬಾಜೂ ಮನಿ, ಒಳಗ ಯಾರೂ ಇಲ್ಲ, ಹಿತ್ತಲ ಬಾಗಿಲಾ ಹೊಡೀತು, ಹಿಂದಿಂದs ಪಡಸಾಲಿ ಸೆನ್ಸರೂ ಹೊಡೀತು, ಕ್ಯಾಮೆರಾದಾಗ ಇಬ್ಬರು ಕಾಣತಾರ, ಕೀಲಿ ಇರೋ ಬಾಜೂಮನಿಯವ್ರು ಹೊರಗ ನಿಂತಿರತಾರ’ ಅನ್ನೂದಕ್ಕೂ ಎಷ್ಟು ಫರಕ್ ಐತಿ ನೀವೇ ನೋಡ್ರಿ. ಎರಡನೇದು ಕೇಳಿದವ ಕುರ್ಚಿ ಬಿಟ್ಟು ಏಳತಾನ. ಊರಿಗೆ ಹೋಗೋ ಮೊದಲ ನಿಮ್ಮ ಠಾಣೆಗೆ ಹೋಗಿ ಮನಿ ವಿಳಾಸ, ಕೀಲಿ ಯಾರ ಕಡೆ ಐತಿ, ಅವರ ಫೋನ್ ನಂಬರ್ ಬರದು ಕೊಟ್ಟು ಬರ್ರಿ. ಕೀಲಿ ಇಸಗೊಂಡವ್ರಿಗೆ ಒಂದು ಮಾತು ಹೇಳಿಡ್ರಿ: ಬಾಗಿಲಾ ತಗದು ಒಬ್ಬರೇ ಒಳಗ ಕಾಲಿಡೂದಲ್ಲ.

ಮತ್ತೊಂದು. ಪ್ಯಾನೆಲ್ಲಿನ, ತಾನೇ ಫೋನ್ ಮಾಡೋ ಡಯಲರ್‌ನ್ಯಾಗ 112 ಆಗಲಿ ಠಾಣೆ ನಂಬರ್ ಆಗಲಿ ಹಾಕಬ್ಯಾಡ್ರಿ. ರೆಕಾರ್ಡ್ ಮಾಡಿದ ದನಿ ಹೇಳಿದ್ದನ್ನ ಹೇಳತಿರತೈತಿ, ಆ ಕಡೆಯವ್ರು ಕೇಳಿದ್ದಕ್ಕ ಉತ್ತರಾ ಕೊಡೂದಿಲ್ಲ. ನಿಮ್ಮ ನಂಬರ್, ಮಗಳದು, ಬಾಜೂಮನಿಯವ್ರದು, ಅಷ್ಟೇ. ಡಯಲರಿನ ಸಿಮ್ ರೀಚಾರ್ಜ್ ಮುಗಿದಿರತೈತಿ, ಅದನ್ನೂ ನೋಡಕೊಳ್ರಿ.

ಜವಳಿ ಸಾಲದವ್ರು: ಹತ್ತು ದಿನಾ ಬರದೆ. ನಾಕು ಸಲ ಹೊಡದೈತಿ. ಮೂರು ಸಲ ಝೋನ್ 3, ಗಲ್ಲಾ ಮ್ಯಾಲಿನ ಮೋಶನ್ ಸೆನ್ಸರ್, ರಾತ್ರಿ ಎರಡರಿಂದ ನಾಕರೊಳಗ. ಒಂದು ಸಲ ಝೋನ್ 1, ಶಟರ್. ಅವತ್ತು ಗಾಳಿ ಜೋರಿತ್ತು, ಕರೆಂಟೂ ಹೋಗಿ ಬಂದಿತ್ತು. ಗಲ್ಲಾ ಹಿಂದ ದೇವರ ಫೋಟೋ, ಅದರ ಮುಂದ ಸಣ್ಣ ಬಲ್ಬು ರಾತ್ರಿಯೆಲ್ಲಾ ಉರೀತೈತಿ.

ಉತ್ತರ: ಆ ಬಲ್ಬೇ ಕಳ್ಳ ಅಂತ ನನ್ನ ಸಂಶೇ. ಬೆಳಕಿಗೆ ಹುಳ ಬರತಾವು, ಹುಳಕ್ಕ ಹಲ್ಲಿ. ಮೋಶನ್ ಸೆನ್ಸರ್ ತಾನಾಗಿ ಏನೂ ಬಿಡೂದಿಲ್ಲ, ಎದುರಿಂದ ಬರೋ ಶಾಖದಾಗ ಬದಲು ಆತಂದ್ರ ಹೇಳತೈತಿ. ಮುಂದಿನ ಬಿಳಿ ಲೆನ್ಸು ಕೋಣಿನ್ನ ಪಟ್ಟಿ ಪಟ್ಟಿ ಮಾಡಿ ನೋಡತೈತಿ. ಗ್ವಾಡಿ ಮ್ಯಾಲ ದೂರ ಓಡಾಡೋ ಹಲ್ಲಿ ಅದಕ್ಕ ಲೆಕ್ಕಕ್ಕಿಲ್ಲ. ಲೆನ್ಸ್ ಮ್ಯಾಲೇ ಹರದಾಡಿದ್ರ ನಾಕೈದು ಪಟ್ಟಿ ಒಮ್ಮೆಲೇ ಮುಚ್ಚಿ ತಗದಂಗ ಆಗತೈತಿ, ಆನಿ ಬಂದಂಗ ಕೂಗತೈತಿ. ನಾಯಿ ಬೆಕ್ಕಿಗೆ ಹೊಡೀದ ಸೆನ್ಸರ್ ತಂದ್ರೂ ಇದಕ್ಕ ಉಪಯೋಗಿಲ್ಲ.

ಮಾಡೂದು ಇಷ್ಟು. ಬಲ್ಬು ರಾತ್ರಿ ಆರಿಸ್ರಿ, ಸೆನ್ಸರಿನ ಕೆಂಪು ದೀಪಾನೂ ಒಳಗಿನ ಜಂಪರ್ (ಸಣ್ಣ ಕ್ಲಿಪ್) ತಗದು ಬಂದ್ ಮಾಡ್ರಿ. ಡಬ್ಬಿ ಬಿಚ್ಚಿ ನೋಡ್ರಿ, ಹಿಂದ ವೈರ್ ಬರೋ ತೂತು ಬಿಟ್ಟಿರತಾರ, ಸಿಲಿಕಾನ್ ಹಚ್ಚಿ ಮುಚ್ಚರಿ. ಎತ್ತರ ಏಳೆಂಟು ಫೂಟು ಇರಲಿ, ಮೂಲ್ಯಾಗ, ಮಂದಿ ಅಡ್ಡ ದಾಟೋ ಹಂಗ ನೋಡತಿರಲಿ. ಎದುರಿಗೆ ತೂಗ ಬಿಟ್ಟ ಸೀರಿ ಇದ್ದು, ಎಕ್ಝಾಸ್ಟ್ ಫ್ಯಾನ್ ತೂತಿನಿಂದ ಗಾಳಿ ಬಂದ್ರ ಅದೂ ಸಾಕು ಅದಕ್ಕ. ದೀಪಾವಳಿ ಪೂಜಿ ದಿನಾ ದೀಪ ಹಚ್ಚಿಟ್ಟು ಶಟರ್ ಎಳದು ಹೋಗತೀರಿ, ಅವತ್ತು ಆ ಝೋನ್ ಬೈಪಾಸ್ ಮಾಡ್ರಿ, ಅಂದ್ರ ಅದೊಂದನ್ನ ಬಿಟ್ಟು ಉಳದದ್ದು ಚಾಲೂ ಇಡ್ರಿ. ನನಗ ಪ್ರತಿ ವರ್ಷ ಆ ರಾತ್ರಿ ನಿದ್ದಿ ಇಲ್ಲ.

ಶಟರಿಂದು ಬ್ಯಾರೆ. ಗಾಳಿಗೆ ಶಟರ್ ಅಲ್ಲಾಡಿ ಸೆನ್ಸರಿನ ಮ್ಯಾಗ್ನೆಟ್ ದೂರ ಸರೀತೈತಿ, ಸೆನ್ಸರಿಗೆ ಶಟರ್ ತಗದಂಗ ಅನಸತೈತಿ. ಕೆಳಗಿನ ಸೆಂಟರ್ ಲಾಕ್ ಬಿಗಿ ಮಾಡ್ಸರಿ, ದೊಡ್ಡ ಗ್ಯಾಪ್ ತಡಕೊಳ್ಳೋ ಶಟರ್ ಸೆನ್ಸರ್ ಹಾಕ್ಸರಿ. ಮನಿ ಬಾಗಿಲದ ಸಣ್ಣ ಮ್ಯಾಗ್ನೆಟ್ ಅಲ್ಲಿ ನಡಿಯಂಗಿಲ್ಲ. ಬ್ಯಾಟರಿ 12 ವೋಲ್ಟ್ 7 ಎಎಚ್ ಇದ್ದೀತು. ಅಡಾಪ್ಟರ್ ತಗದು ಒಂದು ತಾಸು ಬಿಡ್ರಿ. ಕೀಪ್ಯಾಡ್ ಮಂಕಾತು, ಇಲ್ಲಾ ಬ್ಯಾಟರಿಗೆ ಹಿಡದ ಮೀಟರ್ 12 ವೋಲ್ಟಿನ ಕೆಳಗ ಇಳೀತು ಅಂದ್ರ ಬ್ಯಾಟರಿ ಮುಗೀತು. ಸತ್ತ ಬ್ಯಾಟರಿ ಇರೋ ಪ್ಯಾನೆಲ್ ಕರೆಂಟ್ ಹೋಗಿ ಬಂದ ಕೂಡಲೆ ಹುಚ್ಚರಂಗ ಹೊಡಕೋತೈತಿ.

ಇದೆಲ್ಲಾ ಆದ ಮ್ಯಾಲ ಝೋನ್ 1 ಮತ್ತ 3 ಎರಡೂ ಹೊಡದ್ರನ 112ಕ್ಕ ಫೋನ್ ಅಂತ ನಿಮಗ ನೀವೇ ಕಾಯ್ದಿ ಮಾಡಕೊಳ್ರಿ. ಒಂದೇ ಹೊಡದ್ರ ಮೊದಲ ಮೊಬೈಲ್‌ನ್ಯಾಗ ಕ್ಯಾಮೆರಾ ನೋಡ್ರಿ. ಸೈರನ್ ಐದು ನಿಮಿಷಕ್ಕ ತಾನೇ ನಿಲ್ಲಂಗ ಇಡ್ರಿ, ಓಣಿಯವ್ರ ಶಾಪ ಕಡಿಮಿ ಆಗತೈತಿ.

ಪ್ರಶ್ನೆ (ಬ್ಯಾಡಗಿ): ನಮ್ಮದು ಮೆಣಸಿನಕಾಯಿ ಗೋದಾಮ್ರಿ, ತಗಡಿನ ಶೆಡ್ಡು. ಇದೇ ಮದ್ದು ನಡೀತೈತಾ?

ಉತ್ತರ: ಇಲ್ರಿ. ಚೀಲದ ಮ್ಯಾಲ ಇಲಿ, ಲೆನ್ಸಿಗೆ ಧೂಳು, ನಿಟ್ಟು ಏರಿದಂಗೆಲ್ಲಾ ಸೆನ್ಸರಿಗೆ ಮರೆ. ಒಳಗ ಮೋಶನ್ ಹಾಕಿ ರೊಕ್ಕಾ ಕಳಕೋಬ್ಯಾಡ್ರಿ. ಶಟರಿಗೆ, ಕಿಡಿಕಿಗೆ ಸೆನ್ಸರ್ ಹಾಕ್ರಿ, ಬಾಗಿಲ ಒಳಗ ಅಡ್ಡಕ್ಕ ಬೀಮ್ ಜೋಡಿ (ನಡುವಿನ ಕಾಣದ ಕಿರಣಕ್ಕ ಅಡ್ಡ ಬಂದ್ರ ಹೊಡಿಯೋದು) ಹಾಕ್ರಿ. ಬೀಮ್ ಎದಿಮಟ್ಟ ಇರಲಿ, ಇಲಿಗೆ ಸಿಗಬಾರದು.

ಜವಳಿ ಸಾಲದವ್ರು: ಡಬ್ಬಿ ಬಿಚ್ಚಿದೆ! ಒಳಗ ಎರಡು ಹಲ್ಲಿ ತತ್ತಿ ಅದಾವು. ನಮ್ಮವ್ವ ಒಡೀಬ್ಯಾಡ ಅಂತಾಳ.

ಉತ್ತರ: ಅವ್ವಾರ ಮಾತು ಮೀರಬ್ಯಾಡ್ರಿ. ಚೀಟಿ ಮ್ಯಾಲ ಸರಿಸಿಕೊಂಡು ಅಂಗಡಿ ಹಿಂದಿನ ಸಂದಿಗೆ ಇಟ್ಟು ಬರ್ರಿ. ಆಮ್ಯಾಲ ತೂತು ಮುಚ್ಚಿ, ವಾಕ್ ಟೆಸ್ಟಿಗೆ ಹಾಕಿ ನೀವೇ ಗಲ್ಲಾ ಮುಂದ ಅಡ್ಡಾಡಿ ನೋಡ್ರಿ. ನೋಟ್‌ಬುಕ್ ಇನ್ನೂ ಹದಿನೈದು ದಿನಾ ನಡೀಲಿ.